ನಂದನವನದ ಬಾಂದುಕಲ್ಲು

ನವೆಂಬರ್ 10, ರವಿವಾರ

ಇಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ನಂದನವನ ಬಡಾವಣೆ ನಿವೇಶನ ಮಾಲೀಕರ ಸಂಘದ ಅಧ್ಯಕ್ಷನಾಗಿ ಅವಿರೋಧವಾಗಿ ಆಯ್ಕೆಯಾದೆ. ಸಮಯ ಬರೆದಿಡುವುದು ಹಳೆಯ ಚಟ. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಮೈಕಿನ ಮುಂದೆ ಕೂತವನು. ಬಂದದ್ದು, ಹೋದದ್ದು ಎಲ್ಲಕ್ಕೂ ಗಂಟೆ-ನಿಮಿಷ ಹಾಕದಿದ್ದರೆ ಅನ್ನ ಇಳಿಯುವುದಿಲ್ಲ.

ಆಯ್ಕೆ ನಡೆದಾಗ ನಾನು ಸಭೆಯಲ್ಲಿ ಇರಲಿಲ್ಲ. ಚಹಾ ತರಲು ಹೋಗಿದ್ದೆ. ಕೆಟಲ್ ಹಿಡಿದು ಬಂದಾಗ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಚಹಾಕ್ಕೆ ಅಂದುಕೊಂಡೆ.

ಹೀಗೆ ಈ ದಿನಚರಿ ಶುರು. ಯಾರಿಗೂ ತೋರಿಸುವುದಿಲ್ಲ. ನಿವೃತ್ತನಾದ ಮೇಲೆ ಮೈಕು ಹೋಯಿತು. ಮಾತಾಡಲು ಒಂದು ಜಾಗ ಬೇಕಲ್ಲ.

ನಂದನವನದ ಸ್ಥಿತಿಗತಿ: ಶಹಾಪುರದಿಂದ ಶಿರವಾಳ ರಸ್ತೆಗೆ ಮೂರು ಕಿಲೋಮೀಟರ್. ನಲವತ್ತಾರು ಪ್ಲಾಟು, ಒಂಬತ್ತು ಮನೆ. ವನ ಎಂದರೆ ಜಾಲಿ ಪೊದೆ, ಮತ್ತು ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಒಂದು ಬೇವಿನ ಗಿಡ. ನಾವು ಮನೆ ಕಟ್ಟಿ ಬಂದದ್ದು ಈ ಯುಗಾದಿಗೆ. ನಲ್ಲಿ ನೀರು ಇಲ್ಲ. ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ನಂದನವನ ಹುಡುಕುತ್ತ ಶಿರವಾಳದ ತನಕ ಹೋಗಿ, ಹಳೆಯ ಗುಡಿಗಳಿಗೆ ಕೈಮುಗಿದು, ಸಿಲಿಂಡರ್ ಸಮೇತ ವಾಪಸ್ ಹೋಗಿದ್ದಾನೆ.

"ಮಾನಮ್ಮನ ಹೊಲ ಅಂತ ಹೇಳಿದ್ರ ಸೀದಾ ಬರ್ತಿದ್ದ" ಅಂದಳು ನನ್ನ ಹೆಂಡತಿ ಸೌಭಾಗ್ಯ.

"ನಾ ಹೊಲದಾಗ ಇಲ್ಲ. ಲೇಔಟಿನ್ಯಾಗ ಇದ್ದೀನಿ."

"ಹೌದ್ರಿ. ಅದಕ್ಕ ಒಲಿ ಹೊತ್ತಿಲ್ಲ."

ಈ ಹೆಸರಿನ ಪಿಡುಗನ್ನು ತೊಲಗಿಸುವುದೇ ನನ್ನ ಆಡಳಿತದ ಮೊದಲ ಗುರಿ.

ನವೆಂಬರ್ 17, ರವಿವಾರ

ಮೊದಲ ಸಭೆ. ಹಾಜರಿ ಏಳು ಮಂದಿ, ಒಂದು ನಾಯಿ. ಕಾರ್ಯದರ್ಶಿ ಮಹೇಶಕುಮಾರ ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಪ್ಲಾಟ್ ನಂಬರ್ ಇಪ್ಪತ್ತೇಳು. ಯಾವ ಪ್ರಶ್ನೆಗೂ ರೈತರಿಗೆ ಔಷಧಿ ಹೇಳುವ ಧಾಟಿಯಲ್ಲೇ ಉತ್ತರ ಕೊಡುತ್ತಾನೆ.

"ನೀರು ಬೇಕಂದ್ರ ಪಂಚಾಯಿತಿಯವ್ರು ನಮ್ಮ ಲೇಔಟ್ ತಮ್ಮ ಸುಪರ್ದಿಗೆ ತಗೋಬೇಕು. ತಗೋಬೇಕಂದ್ರ ನಕ್ಷಾದಾಗ ಇದ್ದಂಗ ಎಲ್ಲಾ ಪ್ಲಾಟಿನ ಮೂಲಿಗೂ ಬಾಂದುಕಲ್ಲು ಇರಬೇಕು. ಐದು ಕಲ್ಲು ಇಲ್ಲ. ಡಿಸೆಂಬರ್ ಇಪ್ಪತ್ತಾರಕ್ಕ ಸರ್ವೇಯರ್ ಬರ್ತಾನ. ಆವತ್ತು ತಪ್ಪಿದ್ರ ಮುಂದ ಬ್ಯಾಸಗಿ."

ಮೂರು ಠರಾವು ಪಾಸಾದವು. ಒಂದು, ರಸ್ತೆ ಬಾಯಿಗೆ 'ನಂದನವನ' ಎಂಬ ದೊಡ್ಡ ಫಲಕ. ಎರಡು, ಪ್ರವೇಶದಲ್ಲಿ ಸರಪಳಿ, ಬೀಗ ಮತ್ತು ಭೇಟಿಗಾರರ ರಜಿಸ್ಟರ್. ಮೂರು, ಐದು ಬಾಂದುಕಲ್ಲು.

ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ಫಿರ್ದೌಸ್, ಹನ್ನೊಂದನೇ ಪ್ಲಾಟಿನವರು, ಕೈ ಎತ್ತಿದರು. "ಕಂಟ್ರೋಲರ್ ಸಾಬ್, ಸುತ್ತ ಕಂಪೌಂಡಿಲ್ಲ. ಸರಪಳಿ ಹಾಕಿದ್ರ ಪಕ್ಕದಾಗ ಜಾಲಿ ಸಂದ್ಯಾಗ ಬರ್ತಾರಲ್ಲ?"

ಪ್ರಶ್ನೆ ಸಕಾಲಿಕವಲ್ಲ ಎಂದು ತಳ್ಳಿಹಾಕಿದೆ. 12.25ಕ್ಕೆ ಸಭೆ ಮುಕ್ತಾಯ.

ನವೆಂಬರ್ 24, ರವಿವಾರ

ಇಂದಿನ ಸಾಧನೆಯನ್ನು ನಾಲ್ಕು ಮಂದಿಗೆ ಹೇಳಿಕೊಳ್ಳಬೇಕೆನಿಸುತ್ತಿದೆ.

ಗೌಂಡಿ ವೆಂಕಪ್ಪ ಹೊಸ ಕಲ್ಲು ಕಡಿಸಿ ತರಲು ಮೂರು ವಾರ ಬೇಕು ಎಂದ. ನಾನು ಉದ್ಯಾನದ ಜಾಗ ತಪಾಸಣೆ ಮಾಡುತ್ತ ಹೋದೆ. ಬೇವಿನ ಗಿಡದ ಬುಡದಲ್ಲಿ ಏನು ಕಂಡೆ! ಐದು ಕಲ್ಲು. ಸರಿಯಾಗಿ ಐದು. ಸಾಲಾಗಿ, ಹಳೆಯ ಸುಣ್ಣದ ಸಮೇತ. ನಡುವಿನದು ಮೊಣಕಾಲೆತ್ತರ, ಅಂಚಿನ ಎರಡು ಸಣ್ಣವು, ಅವಳಿ-ಜವಳಿ ಇದ್ದಂತೆ. ಕಳೆದುಹೋದ ಕಲ್ಲುಗಳನ್ನು ಯಾರೋ ಪುಣ್ಯಾತ್ಮರು ಆರಿಸಿ ಒಟ್ಟಿಗೆ ಇಟ್ಟಿದ್ದಾರೆ.

ವೆಂಕಪ್ಪ ಅವುಗಳ ಮುಂದೆ ನಿಂತು ಚಪ್ಪಲಿ ಬಿಟ್ಟ. ಕಾಲಿಗೆ ಮುಳ್ಳು ಚುಚ್ಚಿರಬೇಕು.

"ಸಾಹೇಬ್ರ, ಇವು ಬಾಂದುಕಲ್ಲು ಅಲ್ಲೇನೋ ಅನಸ್ತದ್ರಿ."

"ಮತ್ತೇನು?"

"ಸುಣ್ಣ ಹಚ್ಯಾರ ನೋಡ್ರಿ..."

"ಬಾಂದುಕಲ್ಲಿಗೆ ಸುಣ್ಣ ಹಚ್ಚದ ಪೌಡರ್ ಹಚ್ತಾರೇನು?"

"ಯಾರ್ದರ ಇರಬೇಕ್ರಿ..."

"ಸಂಘದ ಜಾಗದಾಗ ಇದ್ದದ್ದು ಸಂಘದ್ದು. ಎತ್ತು."

ಅವನು ಹಾರೆ ಎತ್ತಿದ. ವಾದದಲ್ಲಿ ಗೆಲ್ಲುವುದು ಅಧ್ಯಕ್ಷನಿಗೆ ಅವಶ್ಯ. ಸಂಜೆಯೊಳಗೆ ಐದೂ ಪ್ಲಾಟಿನ ಮೂಲೆಗಳಲ್ಲಿ ಐದೂ ಕಲ್ಲು ನಿಂತವು. ದೊಡ್ಡದನ್ನು ನನ್ನ ಹತ್ತೊಂಬತ್ತನೇ ಪ್ಲಾಟಿಗೆ ಹಾಕಿಸಿದೆ. ಅಧ್ಯಕ್ಷರ ಮೂಲೆ ನೋಡುವ ಹಾಗಿರಬೇಕು. ಹಳೆಯ ಕಲ್ಲುಗಳು ಎಲ್ಲಿದ್ದವು ಎಂದು ಯಾರಿಗೂ ನೆನಪಿಲ್ಲವಾದ್ದರಿಂದ ಎಲ್ಲವನ್ನೂ ಅಂದಾಜಿನ ಮೇಲೆ ನೆಟ್ಟೆವು.

ಡಿಸೆಂಬರ್ 1, ರವಿವಾರ

ಫಲಕ ಬಂದಿದೆ. ಸರಪಳಿ ಬಿದ್ದಿದೆ. ಮೊದಲ ದಿನವಾದ್ದರಿಂದ ಕುರ್ಚಿ ಹಾಕಿಕೊಂಡು ರಜಿಸ್ಟರ್ ಹಿಡಿದು ನಾನೇ ಕೂತೆ. 6.40ಕ್ಕೆ ಹಾಲಿನ ಕ್ಯಾನ್ ಹಿಡಿದು ಒಬ್ಬ ಮುದುಕಿ ಬಂದಳು. ಸೌಭಾಗ್ಯ ದಿನಾ ಹಾಲು ಕೊಳ್ಳುವುದು ಇವಳಿಂದಲೇ ಅಂತೆ. ಇಷ್ಟು ದಿನ ಹಾಲನ್ನಷ್ಟೇ ನೋಡಿದ್ದೆ.

"ಹೆಸರು?"

"ಮಾನಮ್ಮ."

ನನ್ನ ಪೆನ್ನು ನಿಂತಿತು. ಬಡಾವಣೆಯ ಶತ್ರು ಎದುರಿಗೇ ನಿಂತಿದ್ದಳು, ನಗುತ್ತ.

"ಎಲ್ಲಿಗೆ ಹೋಗಬೇಕು?"

"ನನ್ನ ಹೊಲಕ್ಕ."

"ಅಮ್ಮಾರ, ಇದು ನಂದನವನ. ಫಲಕ ಓದ್ರಿ."

"ಓದಾಕ ಬರಂಗಿಲ್ಲ ಸಾಹೇಬ್ರ. ನೀವ ಬರಕೊಳ್ರಿ, ಏನ್ ಬೇಕು ಅದು."

'ಎಲ್ಲಿಗೆ' ಎಂಬ ಕಾಲಮ್ಮಿನಲ್ಲಿ 'ಹಾಲು' ಎಂದು ಬರೆದೆ. ಫಿರ್ದೌಸ್ ಸ್ಕೂಟಿ ಮೇಲೆ ಜಾಲಿ ಸಂದಿಯಿಂದ ಹೊರಹೋಗಿ ನನಗೆ ಕೈಬೀಸಿದರು. ಬೇಕಂತಲೇ.

ಡಿಸೆಂಬರ್ 8, ರವಿವಾರ

ಬರೆಯಲು ಮನಸ್ಸಿಲ್ಲ. ಆದರೂ ದಾಖಲೆ ದಾಖಲೆಯೇ.

ಬೆಳಿಗ್ಗೆ 7.15. ಮಾನಮ್ಮ ಬಾಗಿಲಲ್ಲಿ ನಿಂತಿದ್ದಳು. ಹಾಲು ಹಾಕಿ ಆಗಿತ್ತು, ಆದರೂ ನಿಂತಿದ್ದಳು.

"ಸಾಹೇಬ್ರ, ಬೇವಿನ ಗಿಡದ ಬುಡಕ ನನ್ನ ಐವರು ಇದ್ರು. ಇಲ್ಲರಿ."

"ಯಾರು ಐವರು? ರಜಿಸ್ಟರಿನ್ಯಾಗ ಹೆಸರು ಬರ್ಸ್ಯಾರೇನು?"

ಒಳಗಿಂದ ಸೌಭಾಗ್ಯ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲ.

"ಕಲ್ಲು ರೀ. ಐದು ಕಲ್ಲು. ಸೊಸಿ ಆಗಿ ಬಂದ ವರ್ಷ ನಮ್ಮತ್ತಿ ನನ್ನ ಕೈಲೆ ಇಡಿಸಿದ್ದು. ಎಳ್ಳ ಅಮಾಸಿ ದಿನ ಸುಣ್ಣ ಹಚ್ಚಿ, ಪೂಜಿ ಮಾಡಿ, ಎಡಿ ಹಿಡದು, ಆಮ್ಯಾಲ ಆ ಅಡಗಿ ಕಲಸಿ ಹೊಲಕ್ಕೆಲ್ಲಾ ಚರಗ ಚೆಲ್ಲತೀವಿ. ಐವತ್ತಾರು ವರ್ಷ ಆತು. ಒಂದ ವರ್ಷ ತಪ್ಪಿಲ್ಲ."

"ಹೊಲ ಮಾರೀರಲ್ಲ, ಅಮ್ಮಾರ?"

"ಮಾರೇನ್ರಿ. ಕಾಗದದ ಮ್ಯಾಲ ಹೆಬ್ಬಟ್ಟು ಒತ್ತೇನಿ. ಉಣಿಸೂದು ಬಿಡ್ತೀನಿ ಅಂತ ಎಲ್ಯಾದ್ರೂ ಒತ್ತೇನೇನು? ನಲವತ್ತೈದು ವರ್ಷ ನಮಗ ಉಣಿಸ್ಯಾಳ ಈ ಭೂಮಿತಾಯಿ. ವರ್ಷಕ್ಕ ಒಂದಿನ ಆಕಿಗೆ ನಾವು ಉಣಿಸಬಾರ್ದೇನು?"

ಬಡತನಕ್ಕೆ ಮಾರಿದವಳಲ್ಲ. ಕಾಲುವೆ ಕೆಳಗೆ ನೀರಾವರಿ ಹೊಲ ಸಿಕ್ಕಿತೆಂದು ಹನ್ನೊಂದು ವರ್ಷದ ಹಿಂದೆ ಇದನ್ನು ಕೊಟ್ಟಳು. ಮಕ್ಕಳಿಬ್ಬರು ಅಲ್ಲಿ ಭತ್ತ ಬೆಳೆದು ನಮಗಿಂತ ಚೆನ್ನಾಗಿದ್ದಾರೆ. ಅವರು ಅಮಾವಾಸ್ಯೆಗೆ ಅಲ್ಲೇ ಚರಗ ಚೆಲ್ಲುತ್ತಾರೆ. ಇವಳು ಇಲ್ಲಿಗೆ ಬರುತ್ತಾಳೆ. ಕೊಳ್ಳುವಾಗ ಲೇಔಟ್ ಮಾಡಿದವರು "ಬರ್ರಿ ಅಮ್ಮಾ, ವರ್ಷಕ್ಕೊಮ್ಮೆ ಏನ್ ಮಹಾ" ಎಂದಿದ್ದರಂತೆ. ಬಾಯಿಮಾತು.

"ಹಂಗಾರ ಬ್ಯಾರೆ ಐದು ಕಲ್ಲು ಇಡ್ರಿ" ಎಂದೆ.

ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಒಮ್ಮೆ ಒಬ್ಬ ಪ್ರಯಾಣಿಕ ತನ್ನ ಮಗು ಕಳೆದುಹೋಯಿತೆಂದು ಬಂದಾಗ ನಾನು ಮೈಕಿನಲ್ಲಿ "ಮಗುವಿನ ಗುರುತು ಹೇಳಿ" ಎನ್ನುವ ಬದಲು "ಮುಂದಿನ ಬಸ್ಸಿಗೆ ಬನ್ನಿ" ಎಂದಿದ್ದರೆ ಅವನು ನೋಡುತ್ತಿದ್ದಂತೆ.

"ಐವರೂ ಕೂಡದ ಎಡಿ ಹಿಡಿಯಾಕ ಬರಂಗಿಲ್ಲ ಸಾಹೇಬ್ರ. ಅಮಾಸಿ ಮೂವತ್ತಕ್ಕದ. ಯಾರಿಗರ ಸಿಕ್ಕಾವೇನು ಕೇಳ್ರಿ. ನೀವು ಅಧ್ಯಕ್ಷರಂತ."

ಕೇಳುತ್ತೇನೆ ಎಂದೆ. ಹೌದು, ಹಾಗೆಂದೆ.

ಡಿಸೆಂಬರ್ 9

ಸಾರಿಗೆ ಉಪ್ಪಿರಲಿಲ್ಲ. ನಾನೂ ಕೇಳಲಿಲ್ಲ.

ಡಿಸೆಂಬರ್ 10, ಮಂಗಳವಾರ

ಕೇಳಿದೆ. ಕೇಳಬಾರದಿತ್ತು.

"ಉಪ್ಪು ಎಲ್ಲ್ಯದ?"

"ಬೇವಿನ ಗಿಡದ ಬುಡಕ ನೋಡ್ರಿ. ಅಲ್ಲಿದ್ದದ್ದೆಲ್ಲಾ ನೀವ ತರ್ತೀರಲ್ಲ."

ವೆಂಕಪ್ಪ ಹೇಳಿದ್ದಾನೆ. ಗೌಂಡಿಗಳನ್ನು ನಂಬಬಾರದು.

ಆಮೇಲೆ ಸೌಭಾಗ್ಯ ಕೂತು ನಿಧಾನಕ್ಕೆ ಮಾತಾಡಿದಳು. ಅದು ಬೈಗುಳಕ್ಕಿಂತ ಕಷ್ಟ. ಅವಳ ತವರು ಮುದನಾಳ. ಎಳ್ಳ ಅಮಾವಾಸ್ಯೆಗೆ ಇಡೀ ಮನೆ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿತ್ತಂತೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಕಡುಬು. ಇಂಥ ವಿಷಯ ನನಗೇಕೆ ತಿಳಿದಿಲ್ಲ? ನಾನು ಸುರಪುರದ ಪೇಟೆಯಲ್ಲಿ ಹುಟ್ಟಿದವನು, ನಮಗೆ ಹೊಲವಿರಲಿಲ್ಲ. ನೌಕರಿಗೆ ಸೇರಿದ ಮೇಲೆ ಆ ದಿನ ರಜೆಯೇ ಸಿಗುತ್ತಿರಲಿಲ್ಲ: ಊರೂರಿಗೆ ಹೆಚ್ಚುವರಿ ಬಸ್ಸು. ರೊಟ್ಟಿ ಗಂಟು ಹೊತ್ತ ಸಾವಿರ ಮಂದಿಯನ್ನು ಕಳಿಸಿದ್ದೇನೆ. ಆ ಗಂಟುಗಳು ಎಲ್ಲಿ ಬಿಚ್ಚಿಕೊಳ್ಳುತ್ತವೆ ಎಂದು ಒಮ್ಮೆಯೂ ನೋಡಿಲ್ಲ.

"ನಾನೂ ಮದುವಿ ಆದ ಮ್ಯಾಲ ಹೋಗಿಲ್ಲ" ಅಂದಳು. "ನೀವು ಡ್ಯೂಟಿಯಿಂದ ಬಂದಾಗ ಮನ್ಯಾಗ ಊಟಕ್ಕ ಯಾರರ ಇರಬೇಕಲ್ಲ."

ಇಷ್ಟು ವರ್ಷ ಹೇಳಲಿಲ್ಲ ಯಾಕೆ ಎಂದು ಕೇಳಿದೆ. "ನೀವು ಮೈಕ್ ಬಿಟ್ಟಾಗ ಹೇಳೋಣಂತ ಇದ್ದೆ. ಆಮ್ಯಾಲ ಅಧ್ಯಕ್ಷರಾದ್ರಿ."

ಡಿಸೆಂಬರ್ 13, ಶುಕ್ರವಾರ

ಆಡಳಿತಾತ್ಮಕ ಪರಿಹಾರ ಕಂಡುಹಿಡಿದೆ. ಊರಿಗೆ ಹೋಗಿ ಐದು ಹೊಚ್ಚ ಹೊಸ ಗ್ರಾನೈಟ್ ಕಲ್ಲು ತಂದೆ. ನಾಲ್ಕೂ ಮೈ ನುಣುಪು, ಎತ್ತರ ಒಂದೇ ಸಮ. ಬೇವಿನ ಬುಡದಲ್ಲಿ ಸಾಲಾಗಿ ನಿಲ್ಲಿಸಿ ಮಾನಮ್ಮನನ್ನು ಕರೆದೆ.

ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಂದಕ್ಕೆ ಬೆರಳಿಂದ ತಟ್ಟಿದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು.

"ಪೊಲೀಸರು ಪರೇಡಿಗೆ ನಿಂತಂಗ ಅದಾರಲ್ರಿ! ಇವರಿಗೆ ಎಡಿ ಹಿಡದ್ರ ಉಣ್ಣಾಕ ಬಾಯರ ತೆರೀತಾವೇನು?"

ನಾನೂ ನಕ್ಕೆ ಎಂದು ಸೌಭಾಗ್ಯ ಹೇಳುತ್ತಾಳೆ. ನನಗೆ ನೆನಪಿಲ್ಲ.

ನಕ್ಕು ಮುಗಿಸಿ ಮಾನಮ್ಮ ಕಣ್ಣೊರೆಸಿಕೊಂಡಳು. "ಹೊಲದ ಮೂಲಿ ಮೂಲಿಗಿ ನಿಂತಾವ್ರಿ ನನ್ನವು. ನಾ ನೋಡೇನಿ. ಹಾಲು ಹಾಕಾಕ ಬರ್ತೀನಲ್ಲ, ದಿನಾ ಅವುಗೋಳ ಮುಂದನ ಹಾಯ್ತೀನಿ." ಇಷ್ಟು ಹೇಳಿ ಕ್ಯಾನ್ ಎತ್ತಿಕೊಂಡು ಹೋದಳು.

ಗೊತ್ತಿತ್ತು. ಎಂಟನೇ ತಾರೀಖಿಗೂ ಅವಳಿಗೆ ಗೊತ್ತಿತ್ತು. ಆದರೂ "ಯಾರಿಗರ ಸಿಕ್ಕಾವೇನು" ಎಂದು ಕೇಳಿದ್ದಳು, ನನ್ನ ಮರ್ಯಾದೆ ಉಳಿಸಲು.

ಡಿಸೆಂಬರ್ 15, ರವಿವಾರ

ತುರ್ತು ಸಭೆ. ವಿಷಯ ಇಟ್ಟೆ: ಐದೂ ಕಲ್ಲು ತೆಗೆದು ಮಾನಮ್ಮಾರಿಗೆ ಕೊಡುವುದು, ಅಲ್ಲಿ ಗ್ರಾನೈಟ್ ನೆಡುವುದು. ಸುಲಭ ಎಂದುಕೊಂಡಿದ್ದೆ.

ಮಹೇಶಕುಮಾರ ಗಂಟಲು ಸರಿಪಡಿಸಿಕೊಂಡ. "ಕಿತ್ತರ ಮತ್ತ ಅಳತಿ ಹಿಡೀಬೇಕಾಗ್ತದ್ರಿ."

ಇದ್ದಕ್ಕಿದ್ದಂತೆ ಐದೂ ಪ್ಲಾಟಿನವರಿಗೆ ತಂತಮ್ಮ ಕಾಲಿನ ಹೆಬ್ಬೆರಳು ಬಹಳ ಆಸಕ್ತಿದಾಯಕವಾಗಿ ಕಂಡಿತು. ಅಂದಾಜು ಎಲ್ಲರ ಮೇಲೂ ಉದಾರವಾಗಿತ್ತು. ಮಹೇಶಕುಮಾರನದು ಪಕ್ಕದವರ ಕಡೆ ಒಂದಡಿ, ಮತ್ತೊಬ್ಬರದು ಉದ್ಯಾನದ ಕಡೆ ಒಂದೂವರೆ.

ಮೊದಲು ಮಾತಾಡಿದವರು ಫಿರ್ದೌಸ್. "ನಂದು ಒಂದು ಗೇಣು ಹೆಚ್ಚದ. ಅಲ್ಲಿ ಗುಲಾಬಿ ಹಚ್ಚೀನಿ. ಗುಲಾಬಿ ಕಿತ್ತು ಹಿಂದಕ್ಕ ಹಚ್ತೀನಿ, ತಗೊಳ್ರಿ ಕಲ್ಲು. ಆದ್ರ ಸಾಬ್, ನಿಮ್ಮ ಶೆಡ್ಡಿನ ಬುಡದಾಗಿನ ದೊಡ್ಡದು ಯಾವಾಗ ತೆಗೀತೀರಿ?"

ಈಗ ಈ ದಿನಚರಿಗೂ ಒಂದು ವಿಷಯ ತಿಳಿಸಬೇಕು. ಹಿಂದೆ ಬರೆದಿರಲಿಲ್ಲ. ನಮ್ಮ ಮೂಲೆಯ ಕಲ್ಲನ್ನು ರಸ್ತೆ ಕಡೆಗೆ ಎರಡೂವರೆ ಅಡಿ ಹೊರಗೆ ನೆಡಿಸಿದ್ದೆ. ಮರುದಿನವೇ ಅದರ ಸುತ್ತ ಕಾಂಕ್ರೀಟ್ ಸುರಿಸಿ, ಕಂಬ ನಿಲ್ಲಿಸಿ, ಸ್ಕೂಟರಿಗೆ ಶೆಡ್ ಹಾಕಿಸಿದೆ. ಮೂವತ್ತೊಂದು ವರ್ಷ ಸ್ಟ್ಯಾಂಡಿನಲ್ಲಿ ಸಾವಿರಾರು ಬಸ್ಸಿಗೆ ಜಾಗ ತೋರಿಸಿದವನಿಗೆ ತನ್ನದೊಂದು ವಾಹನಕ್ಕೆ ಸ್ವಂತ ಪ್ಲಾಟ್‌ಫಾರಂ ಇರಲಿ ಎಂಬ ಆಸೆ. ಅಷ್ಟೇ.

"ಅದು ತಾಂತ್ರಿಕ ವಿಷಯ" ಎಂದೆ. "ಕಂಬ ಕಿತ್ತರ ತಗಡು ಬೀಳ್ತದ."

ಎಲ್ಲರೂ ಲೋಟ ಎತ್ತಿಕೊಂಡರು. ಚಹಾ ಕುಡಿದು ಹೋದರು.

ಡಿಸೆಂಬರ್ 19, ಗುರುವಾರ

ಹನ್ನೊಂದು, ಇಪ್ಪತ್ತೇಳು, ಮತ್ತೆರಡು ಪ್ಲಾಟು: ನಾಲ್ಕು ಕಲ್ಲು ಬೇವಿನ ಬುಡಕ್ಕೆ ಮರಳಿವೆ, ಆ ಮೂಲೆಗಳಲ್ಲಿ ನಕ್ಷೆಯಂತೆ ಅಳತೆ ಹಿಡಿದು ಗ್ರಾನೈಟ್ ನೆಟ್ಟಿದ್ದಾರೆ. ಮಹೇಶಕುಮಾರ ತನ್ನದನ್ನು ಗೊಬ್ಬರದ ತಳ್ಳುಗಾಡಿಯಲ್ಲಿ ತಂದನಂತೆ. ನಡುವೆ ಒಂದು ಜಾಗ ಖಾಲಿ ಬಿಟ್ಟು ಇಟ್ಟಿದ್ದಾರೆ. ಎರಡು ಕಡೆ ಎರಡೆರಡು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಡಿಸೆಂಬರ್ 23

ಮಾನಮ್ಮಾರು ದಿನಾ ಬರುತ್ತಾರೆ. ಶೆಡ್ಡಿನ ಕಂಬದ ಹತ್ತಿರ ಒಂದು ಗಳಿಗೆ ನಿಲ್ಲುತ್ತಾರೆ. ಹಾಲು ಹಾಕುತ್ತಾರೆ. ಹೋಗುತ್ತಾರೆ. ಹಾಲಿಗೆ ನೀರಾದರೂ ಬೆರೆಸಿದ್ದರೆ ನನಗೂ ಒಂದು ದೂರು ಇರುತ್ತಿತ್ತು.

ಡಿಸೆಂಬರ್ 26, ಗುರುವಾರ

ಸರ್ವೇಯರ್ ಸುನೀಲಕುಮಾರ 10.05ಕ್ಕೆ ಬಂದ. ಮೂರು ಕಾಲಿನ ಯಂತ್ರ ನಿಲ್ಲಿಸಿ ಮಧ್ಯಾಹ್ನದ ತನಕ ಅಳೆದ. ಗ್ರಾನೈಟ್ ಕಲ್ಲುಗಳೆಲ್ಲ ನಕ್ಷೆಗೆ ಸರಿಯಾಗಿ ನಿಂತವು. ಕೊನೆಗೆ ನನ್ನ ಶೆಡ್ಡಿಗೆ ಬಂದ. ಅಳೆದ. ಮತ್ತೆ ಅಳೆದ. ನನ್ನನ್ನು ಪಕ್ಕಕ್ಕೆ ಕರೆದ.

"ಸರ, ಎರಡೂವರಿ ಅಡಿ ರಸ್ತೆದಾಗ ಅದ. ಇರ್ಲಿ ಬಿಡ್ರಿ. ರಸ್ತೆ ಹೆಂಗೂ ಅಗಲ ಅದ, ನೀವು ಅಧ್ಯಕ್ಷರು. ನಾ ಸರಿ ಅದ ಅಂತ ಬರದು ಸಹಿ ಹಾಕ್ತೀನಿ."

ಗೆದ್ದೆ. ಶೆಡ್ ಉಳಿಯಿತು, ಲೇಔಟ್ ಪಾಸಾಗುತ್ತದೆ, ನಲ್ಲಿ ಬರುತ್ತದೆ. ಯಾರೂ ನನ್ನನ್ನು ಏನೂ ಕೇಳುವಂತಿಲ್ಲ. ಅವನಿಗೆ ಎರಡು ಸಲ ಚಹಾ ಕೊಡಿಸಿದೆ. ಸಹಿ ನಾಳಿದ್ದು ಹಾಕಿ ಕಳಿಸು ಎಂದೆ. ಇಂದೇ ಹಾಕುತ್ತೇನೆ ಎಂದ. ಬೇಡ, ನಾಳಿದ್ದು ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಬಿಸಿಲು ಬಹಳ ಇತ್ತು.

ಡಿಸೆಂಬರ್ 27

ಶೆಡ್ಡಿನಲ್ಲಿ ಕೂತು ನೋಡಿದೆ. ಗಾಳಿ ಆಡುವುದಿಲ್ಲ. ಸ್ಕೂಟರಿಗೆ ಗಾಳಿ ಮುಖ್ಯ.

ಡಿಸೆಂಬರ್ 28, ಶನಿವಾರ

ವೆಂಕಪ್ಪನನ್ನು ಕರೆಸಿ ಶೆಡ್ ಬಿಚ್ಚಲು ಹೇಳಿದೆ. ಕಾರಣ ಗಾಳಿ ಎಂದೆ. ಅವನು ಚಪ್ಪಲಿ ಬಿಟ್ಟು ಕೆಲಸಕ್ಕೆ ಇಳಿದ. ಈ ಸಲ ಮುಳ್ಳು ಎಂದುಕೊಳ್ಳಲಿಲ್ಲ. ನಾನೂ ಬಿಟ್ಟೆ, ಅಂಗಳ ತಂಪಾಗಿತ್ತು.

ತಗಡು ಇಳಿಯಿತು. ಕಂಬ ಬಿತ್ತು. ಕಾಂಕ್ರೀಟ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ವೆಂಕಪ್ಪ ಕೆಲಸ ಚೆನ್ನಾಗಿ ಮಾಡುತ್ತಾನೆ ಎಂಬುದು ಆಗ ಗೊತ್ತಾಯಿತು. ಸುತ್ತಿಗೆಯ ಸದ್ದಿಗೆ ಮಹೇಶಕುಮಾರ ಬಂದ, ಅಂಗಡಿ ಬಿಟ್ಟು. ಫಿರ್ದೌಸ್ ಡ್ಯೂಟಿಗೆ ಹೊರಟವರು ಸ್ಕೂಟಿ ನಿಲ್ಲಿಸಿದರು.

"ಹುಷಾರ್ ವೆಂಕಪ್ಪ, ತಲಿ ಮ್ಯಾಲ ಹೊಡಿಬ್ಯಾಡ. ಪೇಷಂಟ್ ವಯಸ್ಸಾದವ್ರು."

ಅಷ್ಟರಲ್ಲಿ ಮಾನಮ್ಮಾರು ಬಂದರು. ಹಾಲಿನ ಕ್ಯಾನ್ ನೆಲಕ್ಕಿಟ್ಟು ಮಣ್ಣಲ್ಲೇ ಕೂತರು. ಕಲ್ಲು ಹೊರಗೆ ಬಂದಾಗ ಸೆರಗಿನಿಂದ ಒರೆಸಿದರು, ಬಿದ್ದು ಎದ್ದ ಮಗುವಿನ ಮೊಣಕಾಲು ಒರೆಸುವಂತೆ. ಒಂದು ಭುಜಕ್ಕೆ ಅಂಗೈಯಗಲ ಸಿಮೆಂಟ್ ಅಂಟಿತ್ತು. ವೆಂಕಪ್ಪ ಉಳಿ ಹಿಡಿದು ಎಷ್ಟು ಕೆರೆದರೂ ಬಿಡಲಿಲ್ಲ.

"ಯವ್ವಾ, ಅದು ಹೋಗವಲ್ದು" ಎಂದೆ ನಾನು.

"ಇರ್ಲಿ ಬಿಡೋ ತಮ್ಮಾ. ಗುರ್ತಿಗಿ ಇರ್ಲಿ. ಈ ವರ್ಷ ನಮ್ಮ ದೊಡ್ಡಾಂವ ಊರಾಗ ನೌಕರಿಗಿ ಹೋಗಿ ಬಂದಾನ ಅಂತ ತಿಳಕೋತೀನಿ."

ಗೋಣಿಚೀಲದಲ್ಲಿ ಕಲ್ಲು ಇಟ್ಟು ನಾವು ನಾಲ್ವರು ಒಂದೊಂದು ಮೂಲೆ ಹಿಡಿದೆವು. ಇಷ್ಟು ಭಾರವಿದೆ ಎಂದು ನೆಡಿಸುವಾಗ ಗೊತ್ತಿರಲಿಲ್ಲ. ಆವತ್ತು ನಾನು ಬೆರಳು ತೋರಿಸಿದ್ದೆ ಅಷ್ಟೇ.

ಐದನೇ ಗ್ರಾನೈಟನ್ನು ಎರಡೂವರೆ ಅಡಿ ಒಳಗೆ, ನಕ್ಷೆಯ ಜಾಗದಲ್ಲೇ ನೆಡಿಸಿದೆ. ಸುನೀಲಕುಮಾರನಿಗೆ ಫೋನ್ ಮಾಡಿ, ಈಗ ಬಂದು ಸಹಿ ಹಾಕು, ಸುಳ್ಳು ಬರೆಯುವ ಕೆಲಸ ಉಳಿಯಿತು ಎಂದೆ.

ಡಿಸೆಂಬರ್ 30, ಸೋಮವಾರ. ಎಳ್ಳ ಅಮಾವಾಸ್ಯೆ

ಬೆಳಿಗ್ಗೆ ನೋಡಿದರೆ ಸರಪಳಿಯ ಬೀಗದ ಕೀಲಿ ಸಿಗಲಿಲ್ಲ. ನನ್ನ ಅಂಗಿಯ ಜೇಬಿನಲ್ಲೇ ಇತ್ತು ಎಂದು ಈಗ ಗೊತ್ತಾಗಿದೆ. ಆಗ ಮಾತ್ರ ಮಹೇಶಕುಮಾರನಿಗೆ ಸರಪಳಿಯನ್ನೇ ಕತ್ತರಿಸಲು ಹೇಳಬೇಕಾಯಿತು. ಮಾನಮ್ಮಾರ ತಲೆ ಮೇಲೆ ಬುಟ್ಟಿ ಇತ್ತು. ಬಗ್ಗಿ ಬರುವುದು ಸಾಧ್ಯವಿರಲಿಲ್ಲ.

ಬೇವಿನ ಬುಡ ಸಾರಿಸಿದರು. ಸುಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟರು. ಐವರಿಗೂ ಹಚ್ಚಿದೆ. ವೆಂಕಪ್ಪ ಹಿಂದೆ ನಿಂತು ಮೆಲ್ಲಗೆ, "ಪೌಡರ್ ಚಲೋ ಹತ್ಯಾದ್ರಿ ಸಾಹೇಬ್ರ" ಅಂದ. ನಾನು ದೊಡ್ಡವನಿಗೆ ಇನ್ನೊಂದು ಕೈ ಹಚ್ಚಿದೆ.

ಎಡಿ ಹಿಡಿದದ್ದಾಯಿತು. ಇನ್ನು ಚರಗ. ರೊಟ್ಟಿ, ಕಡುಬು, ಭಜ್ಜಿ ಕಲಸಿ ಬುಟ್ಟಿಯಲ್ಲಿ ಹಿಡಿದು ಹೊಲದ ಸುತ್ತ ಚೆಲ್ಲುತ್ತ ಹೋಗಬೇಕು. ಹಿಂದೆ ಒಬ್ಬರು ನೀರು ಚಿಮುಕಿಸಬೇಕು. ಮುಂದೆ ಒಬ್ಬರು ಕೂಗಬೇಕು. ವರ್ಷವೂ ಕೂಗುವವನು ಮಾನಮ್ಮಾರ ಮೈದುನ ಗುರಪ್ಪ. ಅವನಿಗೆ ಚಳಿಗೆ ಗಂಟಲು ಕಟ್ಟಿ, ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು.

"ನನಗ ಬರಂಗಿಲ್ಲ" ಎಂದೆ.

"ಮೂವತ್ತೊಂದು ವರ್ಷ ಏನ್ ಮಾಡಿದ್ರಿ?" ಅಂದಳು ಸೌಭಾಗ್ಯ.

"'ಹುಲ್ಲುಲ್ಲಿಗೋ' ಅನ್ನಬೇಕು ತಮ್ಮಾ, ಅಷ್ಟ."

"ಅಂದ್ರೇನು ಯವ್ವಾ?"

"ಕೂಗಿದ ಮ್ಯಾಲ ತಿಳೀತದ. ಕೂಗು."

ಮೊದಲ ಸಲ ಕೂಗಿದಾಗ ಸುರಪುರಕ್ಕೆ ಹೊರಡುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ ಎಂಬ ಧಾಟಿಯಲ್ಲೇ ಬಂತು. ಸೌಭಾಗ್ಯ ನಕ್ಕು ನಕ್ಕು ನೆಲಕ್ಕೆ ಕೂತಳು. ಎರಡನೇ ಸಲ ಸರಿಯಾಯಿತು. ಮೂರನೇ ಸಲಕ್ಕೆ ರಸ್ತೆಯಾಚೆಯ ಹೊಲದಿಂದ ಯಾರೋ ಉತ್ತರ ಕೊಟ್ಟರು. ಅದರಾಚೆಯಿಂದ ಮತ್ತೊಬ್ಬರು. ಮೈಕಿನ ಮುಂದೆ ಅಷ್ಟು ವರ್ಷ ಕೂಗಿದ್ದೇನೆ. ತಿರುಗಿ ಯಾರೂ ಕೂಗಿರಲಿಲ್ಲ.

ನಲವತ್ತಾರು ಪ್ಲಾಟೂ ಸುತ್ತಿದೆವು. ಹೊಲಕ್ಕೆ ಪ್ಲಾಟಿನ ನಂಬರ್ ಗೊತ್ತಿಲ್ಲವಲ್ಲ. ಚರಗ ಮಹೇಶಕುಮಾರನ ಬೈಕಿನ ಮೇಲೆ ಬಿತ್ತು, ಗ್ರಾನೈಟ್ ಕಲ್ಲಿನ ಮೇಲೆ ಬಿತ್ತು, ಶೆಡ್ ಇದ್ದ ಜಾಗದಲ್ಲಿ ಎರಡು ಮುಟಿಗೆ ಹೆಚ್ಚೇ ಬಿತ್ತು. ಫಿರ್ದೌಸ್ ಗೇಟ್ ತೆರೆದು ನಿಂತಿದ್ದರು. "ನನ್ನ ಗುಲಾಬಿಗೂ ಹಾಕ್ರಿ ಅಮ್ಮಾ. ಜಾಗ ಬದಲಿ ಮಾಡೇನಿ, ಸಿಟ್ಟಾಗ್ಯಾವ."

ಆಮೇಲೆ ಬೇವಿನ ನೆರಳಲ್ಲಿ ಊಟ. ಸೌಭಾಗ್ಯ ಚಾಪೆ ಬೇಡವೆಂದು ಮಣ್ಣಲ್ಲೇ ಕೂತು, ರೊಟ್ಟಿ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೇ ಭಜ್ಜಿ ಹಾಕಿಸಿಕೊಂಡು ಉಂಡಳು. "ಮುದನಾಳದಾಗೂ ಹಿಂಗ ಗಾಳಿ ಬರ್ತಿತ್ತು" ಅಂದಳು. ಇನ್ನೊಂದು ರೊಟ್ಟಿ ಕೇಳಿದಳು. ನಾನೇ ಎದ್ದು ಕೊಟ್ಟೆ.

ಊಟ ಎಷ್ಟಕ್ಕೆ ಮುಗಿಯಿತೋ ಗಮನಿಸಲಿಲ್ಲ.

ಜನವರಿ 6, ಸೋಮವಾರ

ಪಂಚಾಯಿತಿಯಿಂದ ಪತ್ರ ಬಂತು. ಬಡಾವಣೆ ಅವರ ಸುಪರ್ದಿಗೆ. ನಲ್ಲಿಗೆ ಪೈಪು ಈ ತಿಂಗಳೇ. ನನ್ನ ಆಡಳಿತದ ಗುರಿಗಳು ಒಂದೊಂದಾಗಿ ಈಡೇರುತ್ತಿವೆ. ಸ್ಕೂಟರ್ ಬಿಸಿಲಲ್ಲಿ ನಿಲ್ಲುತ್ತಿದೆ. ಗಾಳಿ ಚೆನ್ನಾಗಿ ಆಡುತ್ತದೆ.

ಗ್ಯಾಸ್ ಮುಗಿದಿತ್ತು. ಸಿಲಿಂಡರಿನವನು ಫೋನ್ ಮಾಡಿ ವಿಳಾಸ ಕೇಳಿದ.

"ಮಾನಮ್ಮನ ಹೊಲ. ಬೇವಿನ ಗಿಡ ದಾಟಿ ಎರಡನೇ ಮನಿ" ಎಂದೆ.

ಏಳು ನಿಮಿಷಕ್ಕೆ ಬಂದ. ಸಂಘ ಒಂದು ಇದ್ದರೆ ಎಲ್ಲರೂ ಸಮಯಕ್ಕೆ ಸರಿಯಾಗಿ ಬರುತ್ತಾರೆ.